ಕಾವೂರಿನ ಗಾಜಿನ ತೊಟ್ಟಿ, ಗುರುಪುರ ಹೊಳೆಯ ಮರುವಾಯಿ

ಅಡಿಕೆ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಬಿಡುವ ಗಡಿಬಿಡಿ, ಕೊನೆಗಾರರ ಅಭಾವ, ಬಿಡುವು ಕೊಡದ ಮಳೆ - ಇವೇ ಮಲೆನಾಡಿನ ಆಷಾಢದ ಮಾತುಗಳಾಗಿರುವಾಗ, ಘಟ್ಟದ ಕೆಳಗಿನ ನಗರದ ಮನೆಯೊಂದರ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಳಗೆ ಕಡಲಿನ ಚಿಪ್ಪುಜೀವಿಯೊಂದನ್ನು ಬದುಕಿಸಿಕೊಳ್ಳುವುದು ಹೇಗೆ ಎಂಬ ವಿಚಾರವನ್ನು ಈ ಪುಟದಲ್ಲಿ ಎತ್ತಿಕೊಳ್ಳುವುದು ಕೆಲವು ಓದುಗರಿಗೆ ಅಪ್ರಸ್ತುತವೆನಿಸಬಹುದು. ಮೀನು ಸಾಕುವುದು ಪೇಟೆಯವರ ಹವ್ಯಾಸ. ಹೊಟ್ಟೆ ತುಂಬಿದವರ ವಿನೋದ. ಅದಕ್ಕೂ ತೋಟ-ಗದ್ದೆ-ಬೆಟ್ಟಗಳಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಅದು ಎಲೆಯಡಿಕೆಯ ಸುಣ್ಣದ ಡಬ್ಬಿಯಿಂದಲೇ ಪ್ರಾರಂಭವಾಗುತ್ತದೆ. ಆದರೆ ಅಲ್ಲಿಗೆ ಹೋಗುವ ಮೊದಲು ತೊಟ್ಟಿಯನ್ನು ನೋಡಬೇಕು.

ಮಂಗಳೂರು ನಗರದ ಉತ್ತರ ಅಂಚಿನಲ್ಲಿ, ವಿಮಾನ ನಿಲ್ದಾಣದ ದಾರಿಯಲ್ಲಿ ಕಾವೂರು ಇದೆ. ಹಿಂದೆ ಗದ್ದೆ, ಕೆರೆ, ಮಹಾಲಿಂಗೇಶ್ವರನ ದೇವಸ್ಥಾನ, ಮುರಕಲ್ಲಿನ ಗುಡ್ಡಗಳಿದ್ದ ಊರು ಈಗ ಬಡಾವಣೆಗಳ ಊರು. ಕುದುರೆಮುಖದ ಗುಡ್ಡವನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದ ಕಂಪನಿಯ ವಸತಿಗೃಹಗಳು ಇರುವುದೂ ಇಲ್ಲಿಯೇ. 2005ರ ಡಿಸೆಂಬರ್ 31ರಂದು ಗಣಿ ನಿಂತಿತು, ಮನೆಗಳು ಉಳಿದವು. ಮಲೆನಾಡಿನ ಓದುಗರಿಗೆ ಕಾವೂರು ಅಷ್ಟೇನೂ ಅಪರಿಚಿತವಾದ ಸ್ಥಳವಲ್ಲ ಎನ್ನಲು ಇಷ್ಟು ಸಾಕು. ಊರಿನ ಉತ್ತರಕ್ಕೆ, ಮರವೂರಿನ ಬಳಿ, ಗುರುಪುರ ಹೊಳೆ ಹರಿಯುತ್ತದೆ. ಫಲ್ಗುಣಿ ಎಂಬುದು ಅದರ ಇನ್ನೊಂದು ಹೆಸರು. ಘಟ್ಟದ ಬುಡದಲ್ಲಿ ಹುಟ್ಟಿ, ವೇಣೂರಿನ ಗೊಮ್ಮಟನ ಪಕ್ಕದಲ್ಲಿ ಹಾದು, ಪೊಳಲಿಯ ದೇವಿಯ ಸನ್ನಿಧಿಯನ್ನು ಬಳಸಿ, ಕೂಳೂರಿನ ಸೇತುವೆಯಡಿ ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿ ಮತ್ತು ಬೆಂಗರೆಯ ಮರಳಪಟ್ಟಿಯ ಒಳಮಗ್ಗುಲಲ್ಲಿ ಸಾಗಿ, ಅಳಿವೆಯಲ್ಲಿ ನೇತ್ರಾವತಿಯೊಡನೆ ಸಮುದ್ರಕ್ಕೆ ಸೇರುವ ಹೊಳೆ ಅದು.

ಇಂಥ ಕಾವೂರಿನ ಒಂದು ಮನೆಯಲ್ಲಿ ಇನ್ನೂರು ಲೀಟರಿನ ಉಪ್ಪುನೀರ ತೊಟ್ಟಿಯೊಂದು ಇದೆ ಎಂದು ಭಾವಿಸೋಣ. ದೇಶದ ದೊಡ್ಡ ನಗರಗಳಲ್ಲಿ ಇಂಥ ತೊಟ್ಟಿಗಳು ಈಗ ಅಪರೂಪವಲ್ಲ. ಕಡಲ ಬದಿಯ ಊರಿನಲ್ಲಿ ಅದರ ಆಸೆ ಹುಟ್ಟುವುದು ಇನ್ನೂ ಸಹಜ. ಮೇಲೆ ನೀಲಿ ಛಾಯೆಯ ಎಲ್‌ಇಡಿ ದೀಪ, ಒಳಗೆ ನೀರನ್ನು ಅಲೆಯಂತೆ ತಳ್ಳುವ ಪಂಪು, ಬಿಳಿಯ ಮರಳು, ಸುಣ್ಣಕಲ್ಲಿನ ಬಂಡೆ, ಕಿತ್ತಳೆ ಬಣ್ಣದ ಎರಡು ಕೋಡಂಗಿ ಮೀನು. ಎಲ್ಲವೂ ಅಣಿಯಾದ ಮೇಲೆ ಒಡೆಯನ ಮನಸ್ಸಿಗೆ ಬರುವುದು ಒಂದು ಚಿಪ್ಪುಜೀವಿ. ಅದರಲ್ಲಿಯೂ ನೀಲಿ, ಹಸಿರು, ನೇರಳೆ ಬಣ್ಣಗಳ ಮಖಮಲ್ಲಿನ ಸೆರಗನ್ನು ಚಿಪ್ಪಿನ ಅಂಚಿನಿಂದ ಹೊರಚಾಚಿ ಬೆಳಕಿಗೆ ಹರಡಿಕೊಳ್ಳುವ ಟ್ರಿಡಾಕ್ನಾ ಎಂಬ ದೈತ್ಯ ಮರುವಾಯಿಯ ಮರಿ. ಅದನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಆಸೆಯಲ್ಲಿ ತಪ್ಪಿಲ್ಲ. ತಪ್ಪಿರುವುದು, ಅದು ಏನನ್ನು ತಿಂದು ಬದುಕುತ್ತದೆ ಎಂದು ಕೇಳದೆಯೇ ಕೊಂಡುಬರುವುದರಲ್ಲಿ.

ಕರಾವಳಿಯವರಿಗೆ ಮರುವಾಯಿ ಎಂದರೆ ಮೊದಲು ನೆನಪಾಗುವುದು ಪುಂಡಿ ಮತ್ತು ಸುಕ್ಕ. ತುಳುವರ ಮರುವಾಯಿ, ಕೊಂಕಣಿಗರ ಖುಬೆ, ಉತ್ತರ ಕನ್ನಡದವರ ಬಳಚು - ಇವೆಲ್ಲ ಎರಡು ಚಿಪ್ಪುಗಳ ನಡುವೆ ಬದುಕುವ ಒಂದೇ ದೊಡ್ಡ ಬಳಗದ ಸದಸ್ಯರು. ಹೊಳೆಯ ಅಳಿವೆಯ ಮರಳಿನಲ್ಲಿ ಹುದುಗಿ, ಎರಡು ಪುಟ್ಟ ನಳಿಕೆಗಳನ್ನು ಮಾತ್ರ ಮೇಲಕ್ಕೆ ಚಾಚಿ, ಒಂದರಿಂದ ನೀರನ್ನು ಎಳೆದು ಇನ್ನೊಂದರಿಂದ ಬಿಡುವುದೇ ಅವುಗಳ ಜೀವನ. ಎಳೆದ ನೀರು ಕಿವಿರುಗಳ ಜರಡಿಯನ್ನು ಹಾಯುವಾಗ ಸೂಕ್ಷ್ಮ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಎಲೆಯ ಕಣ ಎಲ್ಲವೂ ಸಿಕ್ಕಿಬೀಳುತ್ತವೆ. ಬೇಕಾದದ್ದು ಬಾಯಿಗೆ, ಬೇಡವಾದದ್ದು ಲೋಳೆಯಲ್ಲಿ ಸುತ್ತಿಕೊಂಡು ಹೊರಕ್ಕೆ. ಹೊಳೆ ಹೊತ್ತು ತಂದ ಗೊಬ್ಬರದ ಸಾರದಿಂದ ಪಾಚಿ ಬೆಳೆಯುತ್ತದೆ, ಪಾಚಿಯನ್ನು ಮರುವಾಯಿ ತಿನ್ನುತ್ತದೆ, ಮರುವಾಯಿಯನ್ನು ಮನುಷ್ಯ ತಿನ್ನುತ್ತಾನೆ. ಘಟ್ಟದ ಸೊಪ್ಪಿನ ಬೆಟ್ಟದ ಒಂದು ಎಲೆ ಬೆಂಗರೆಯ ಅಡುಗೆಮನೆಯನ್ನು ತಲಪುವ ದಾರಿ ಇದು.

ತೊಟ್ಟಿಯಲ್ಲಿ ಈ ದಾರಿಯೇ ಇಲ್ಲ. ಅಲ್ಲಿನ ನೀರು ಗಾಜಿನಷ್ಟು ತಿಳಿ. ಪ್ರೋಟೀನ್ ಸ್ಕಿಮ್ಮರ್ ಎಂಬ ನೊರೆಯೆಬ್ಬಿಸುವ ಸಾಧನವು ತೇಲುವ ಕಣಗಳನ್ನೆಲ್ಲ ಎತ್ತಿ ಹೊರಹಾಕುತ್ತದೆ. ನೋಡುವವನಿಗೆ ಅದು ಶುದ್ಧ ನೀರು. ಹೊಳೆಯ ಮರುವಾಯಿಗೆ ಅದು ಬರಗಾಲ. ಪಣಂಬೂರಿನ ಬದಿಯಿಂದಲೋ ಮೀನುಮಾರುಕಟ್ಟೆಯಿಂದಲೋ ಜೀವಂತ ಮರುವಾಯಿಯನ್ನು ತಂದು ತೊಟ್ಟಿಯ ಮರಳಿನಲ್ಲಿ ಬಿಟ್ಟರೆ ಅದು ಕೂಡಲೇ ಹುದುಗಿಕೊಳ್ಳುತ್ತದೆ, ಒಡೆಯನಿಗೆ ಸಂತೋಷವಾಗುತ್ತದೆ. ವಾರಗಳು ಕಳೆಯುತ್ತವೆ. ಚಿಪ್ಪುಜೀವಿಯು ಹಸಿವೆಯಿಂದ ಸಾಯುವುದು ಬಹಳ ನಿಧಾನ. ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತ ಅದು ತಿಂಗಳುಗಟ್ಟಲೆ ತಡೆದುಕೊಳ್ಳಬಲ್ಲದು. ಆ ತಿಂಗಳುಗಳನ್ನೇ ಒಡೆಯನು ತನ್ನ ಸಾಕಣೆಯ ಯಶಸ್ಸೆಂದು ಎಣಿಸಿರುತ್ತಾನೆ. ಒಂದು ಬೆಳಿಗ್ಗೆ ನೀರು ನಾರುತ್ತದೆ. ಮರಳಿನಡಿ ಬಾಯ್ದೆರೆದು ಸತ್ತ ಒಂದೇ ಮರುವಾಯಿ ಸಣ್ಣ ತೊಟ್ಟಿಯಲ್ಲಿ ಅಮೋನಿಯಾವನ್ನು ಏರಿಸಿ ಮೀನುಗಳನ್ನೂ ಕೊಂದಿರುತ್ತದೆ. ಮರಳಿನಲ್ಲಿ ಹುದುಗುವ ಜೀವಿಯ ಸಾವು ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಇಲ್ಲಿರುವ ಅಪಾಯ.

ದೈತ್ಯ ಮರುವಾಯಿಯ ಕಥೆ ಬೇರೆ. ಹವಳದ ದಿಬ್ಬಗಳ ಸುತ್ತಲಿನ ನೀರು ಹುಟ್ಟಿನಿಂದಲೇ ಬಡ ನೀರು. ಅಲ್ಲಿ ಸೋಸಿ ತಿನ್ನಲು ಸಿಗುವುದು ಅತ್ಯಲ್ಪ. ಆದ್ದರಿಂದ ಅದು ತನ್ನ ಸೆರಗಿನೊಳಗೆ ಏಕಕೋಶದ ಪಾಚಿಗಳನ್ನು ಸಾಕಿಕೊಂಡಿದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡುತ್ತದೆ. ಅದರ ಬಹುಪಾಲನ್ನು ಬಾಡಿಗೆಯಂತೆ ಚಿಪ್ಪುಜೀವಿಗೆ ಕೊಡುತ್ತದೆ. ಚಿಪ್ಪುಜೀವಿಯ ಮಲದಲ್ಲಿರುವ ಸಾರಜನಕ ಪಾಚಿಗೆ ಗೊಬ್ಬರವಾಗುತ್ತದೆ. ದ್ವಿದಳಧಾನ್ಯದ ಬೇರಿನ ಗಂಟುಗಳನ್ನು ಬಲ್ಲ ರೈತನಿಗೆ ಈ ಒಕ್ಕಲುತನ ಸುಲಭವಾಗಿ ಅರ್ಥವಾಗುತ್ತದೆ. ಬೇರಿನ ಗಂಟಿನ ಬ್ಯಾಕ್ಟೀರಿಯಾ ಬೀಜದೊಳಗಿಂದ ಬರುವುದಿಲ್ಲ, ಮಣ್ಣಿನಿಂದ ಸೇರಿಕೊಳ್ಳುತ್ತದೆ; ಹಾಗೆಯೇ ಈ ಪಾಚಿಯೂ ತಾಯಿಯಿಂದ ಮರಿಗೆ ಬರುವುದಿಲ್ಲ. ಮೊಟ್ಟೆಯೊಡೆದ ಮರಿಯು ಮೊದಲ ದಿನಗಳಲ್ಲಿ ಸುತ್ತಲಿನ ನೀರಿನಿಂದಲೇ ಅದನ್ನು ನುಂಗಿ ಪಡೆದುಕೊಳ್ಳಬೇಕು. ಸೆರಗಿನ ಹೊಳೆಯುವ ನೀಲಿ-ಹಸಿರು ಪಾಚಿಯ ಬಣ್ಣವಲ್ಲ. ಬೆಳಕನ್ನು ಹದವಾಗಿ ಚೆದುರಿಸಿ ಒಳಗಿನ ಪಾಚಿಗೆ ಹಂಚುವ ವಿಶೇಷ ಕೋಶಗಳ ಬಣ್ಣ. ತೋಟಕ್ಕೆ ಎಷ್ಟು ನೆರಳು, ಎಷ್ಟು ಬಿಸಿಲು ಎಂದು ಅಳೆಯುವ ವಿದ್ಯೆ ಅದಕ್ಕೂ ಗೊತ್ತಿದೆ ಎನ್ನಬೇಕು.

ಇದರಿಂದ ಸಾಕುವವನ ಕರ್ತವ್ಯಗಳೂ ತಾವಾಗಿಯೇ ಹೊರಡುತ್ತವೆ. ಬೆಳಕು ಪ್ರಖರವಾಗಿರಬೇಕು; ಆದರೆ ಅಂಗಡಿಯ ಮಂದ ಬೆಳಕಿನಿಂದ ಬಂದ ಜೀವಿಯನ್ನು ಮೊದಲ ದಿನವೇ ದೀಪದ ಕೆಳಗಿಡುವುದೆಂದರೆ ನೆರಳಿನ ಸಸಿಯನ್ನು ಏಪ್ರಿಲ್ ಬಿಸಿಲಿಗೆ ನೆಟ್ಟಂತೆಯೇ. ತೊಟ್ಟಿಯು ಕನಿಷ್ಠ ಆರು ತಿಂಗಳು, ಒಳ್ಳೆಯದೆಂದರೆ ಒಂದು ವರ್ಷ ನಡೆದು ಹದಗೊಂಡಿರಬೇಕು. ಹೊಸ ತೊಟ್ಟಿಗೆ ಚಿಪ್ಪುಜೀವಿಯನ್ನು ತರುವುದು ಅವಿವೇಕ. ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್, ಉಪ್ಪು ಕಿಲೋ ನೀರಿಗೆ 35 ಗ್ರಾಂ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಕಾರ್ಬೊನೇಟ್ ಗಡಸುತನ 8ರಿಂದ 10 ಡಿಗ್ರಿ, ಅಮೋನಿಯಾ ಸೊನ್ನೆ. ನೈಟ್ರೇಟು ಸೊನ್ನೆಯಾಗಬೇಕೆಂದು ಹಟ ಹಿಡಿಯುವವರು ಪಾಚಿಯ ಗೊಬ್ಬರವನ್ನೇ ಕಿತ್ತುಕೊಳ್ಳುತ್ತಿರುತ್ತಾರೆ; ಅಲ್ಪಸ್ವಲ್ಪ ಇರಬೇಕು. ಎರಡಂಗುಲಕ್ಕಿಂತ ಚಿಕ್ಕ ಮರಿಗಳಿಗೆ ಬೆಳಕೊಂದೇ ಸಾಲದೆ ಹೋಗಬಹುದು, ಸೂಕ್ಷ್ಮ ಪಾಚಿಯ ದ್ರಾವಣವನ್ನೂ ಉಣಿಸಬೇಕೆಂದು ಅನುಭವಿಗಳು ಹೇಳುತ್ತಾರೆ. ಕೊಳ್ಳುವಾಗ ಮರಿಯ ಗಾತ್ರ ನೋಡುವುದು ಬಣ್ಣ ನೋಡುವುದಕ್ಕಿಂತ ಮುಖ್ಯವಾದ ಕೆಲಸ.

ಚಿಪ್ಪಿನ ಬುಡದಿಂದ ಹೊರಡುವ ರೇಷ್ಮೆಯಂಥ ನೂಲುಗಳಿಂದ ಅದು ಕಲ್ಲಿಗೆ ಅಂಟಿಕೊಂಡಿರುತ್ತದೆ. ಕೈಯಿಂದ ಹಿಡಿದು ಜಗ್ಗಿದರೆ ನೂಲಿನೊಡನೆ ಪಾದದ ಮಾಂಸವೂ ಹರಿದುಬರುತ್ತದೆ. ಹಾಗೆ ಹರಿದ ಜೀವಿ ಉಳಿಯುವುದು ಅನುಮಾನ. ಸ್ಥಳ ಬದಲಿಸಬೇಕೆಂದರೆ ಕಲ್ಲನ್ನೇ ಎತ್ತಬೇಕು ಅಥವಾ ನೂಲನ್ನು ಮೆಲ್ಲನೆ ಕತ್ತರಿಸಬೇಕು. ಅಕ್ಕಿಕಾಳಿನ ಗಾತ್ರದ ಬಿಳಿಯ ಪರಾವಲಂಬಿ ಬಸವನಹುಳುಗಳು ರಾತ್ರಿ ಹೊರಬಂದು ಸೆರಗಿನ ಅಂಚಿನಿಂದ ರಸ ಹೀರುತ್ತವೆ. ದೀಪವಾರಿದ ಮೇಲೆ ಟಾರ್ಚು ಹಿಡಿದು ನೋಡುವ ತಾಳ್ಮೆ ಬೇಕು. ಏಂಜೆಲ್ ಮೀನು, ಚಿಟ್ಟೆಮೀನುಗಳಂಥವು ಸೆರಗನ್ನು ಕಚ್ಚುತ್ತವೆ. ಕಚ್ಚಿಸಿಕೊಂಡ ಚಿಪ್ಪು ಮುಚ್ಚಿಕೊಂಡೇ ಇರುತ್ತದೆ, ಮುಚ್ಚಿಕೊಂಡಿದ್ದರೆ ಬೆಳಕಿಲ್ಲ, ಬೆಳಕಿಲ್ಲದಿದ್ದರೆ ಊಟವಿಲ್ಲ. ಆರೋಗ್ಯವಂತ ಜೀವಿಯ ಮೇಲೆ ಕೈಯ ನೆರಳು ಬಿದ್ದರೂ ಅದು ಸೆರಗನ್ನು ಒಳಗೆಳೆದುಕೊಳ್ಳುತ್ತದೆ. ನೆರಳಿಗೂ ಸ್ಪರ್ಶಕ್ಕೂ ಅಲುಗದೆ ಬಾಯ್ದೆರೆದು ಕುಳಿತದ್ದು ಸಾವಿನ ಬಾಗಿಲಲ್ಲಿದೆ.

ಮಂಗಳೂರಿನಲ್ಲಿ ಇದಕ್ಕೆಲ್ಲ ಸ್ಥಳೀಯ ತೊಡಕುಗಳು ಸೇರುತ್ತವೆ. ಏಪ್ರಿಲ್-ಮೇಯಲ್ಲಿ ಮನೆಯೊಳಗಿನ ನೀರು ತಾನಾಗಿಯೇ 30 ಡಿಗ್ರಿ ದಾಟುತ್ತದೆ. ನೀರು ತಂಪುಮಾಡುವ ಯಂತ್ರ ಹಗಲಿರುಳು ಓಡಬೇಕು. ವಿದ್ಯುತ್ತು ಹೋದರೆ ಬ್ಯಾಟರಿಯ ಗಾಳಿಪಂಪಾದರೂ ಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು ಎಂಬುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಆ ಸಿಹಿನೀರೂ ನಲ್ಲಿಯದಾಗಬಾರದು. ತುಂಬೆಯ ಕಿಂಡಿ ಅಣೆಕಟ್ಟಿನಿಂದ ಬರುವ ನಗರದ ನೀರಿನಲ್ಲಿ ಕ್ಲೋರಿನ್ ಇರುತ್ತದೆ; ಮುರಕಲ್ಲಿನ ಬಾವಿಯ ನೀರು ಹುಳಿಯಾಗಿ, ಕಬ್ಬಿಣ ತುಂಬಿ ಇರಬಹುದು. ಸೂಕ್ಷ್ಮಪೊರೆಯಲ್ಲಿ ಸೋಸಿದ ನೀರೇ ಆಗಬೇಕು. ಕಡಲು ಪಕ್ಕದಲ್ಲಿಯೇ ಇದೆಯಲ್ಲ, ಕೊಡದಲ್ಲಿ ತುಂಬಿ ತಂದರಾಯಿತು ಎನ್ನುವವರು ಜೂನ್ ಬಂದ ಮೇಲೆ ಪಣಂಬೂರಿನ ನೀರನ್ನು ಅಳೆದು ನೋಡಬೇಕು: ಹೊಳೆಗಳು ಸುರಿದ ಸಿಹಿನೀರು ಮತ್ತು ಕೆಂಪು ಮಣ್ಣಿನಿಂದ ದಡದ ಕಡಲು ಕಡಲಾಗಿಯೇ ಉಳಿದಿರುವುದಿಲ್ಲ.

ಇನ್ನು ಸುಣ್ಣದ ವಿಚಾರ. ಚಿಪ್ಪುಜೀವಿಯೂ ಹವಳವೂ ನೀರಿನ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಹೀರಿ ಮನೆ ಕಟ್ಟಿಕೊಳ್ಳುತ್ತವೆ. ತೊಟ್ಟಿಯಲ್ಲಿ ಅದು ಬೇಗನೆ ಮುಗಿಯುತ್ತದೆ. ತುಂಬಿಕೊಡಲು ಬಹಳ ಹಿಂದೆಯೇ ಜರ್ಮನಿಯ ಹವ್ಯಾಸಿಗಳು ಕಂಡುಕೊಂಡ ಉಪಾಯವೆಂದರೆ ಸುಣ್ಣದ ತಿಳಿನೀರು. ಲೀಟರಿಗೆ ಒಂದೂವರೆ ಗ್ರಾಮಿನಷ್ಟು ಅರಳಿದ ಸುಣ್ಣ ಕರಗಿ, ಉಳಿದದ್ದು ತಳಕ್ಕಿಳಿದ ಮೇಲೆ, ಮೇಲಿನ ತಿಳಿಯನ್ನು ರಾತ್ರಿಯ ಹೊತ್ತು ಹನಿಹನಿಯಾಗಿ ಬಿಡುವುದು. ಒಮ್ಮೆಲೇ ಸುರಿದರೆ ಅದರ ಕ್ಷಾರ ಎಲ್ಲವನ್ನೂ ಸುಟ್ಟುಬಿಡುತ್ತದೆ. ಜಗತ್ತಿನ ಅತಿ ದುಬಾರಿ ಹವ್ಯಾಸಗಳಲ್ಲೊಂದು ಕೊನೆಗೆ ಬಂದು ನಿಲ್ಲುವುದು ಅಜ್ಜಿಯ ಎಲೆಸಂಚಿಯ ಸುಣ್ಣದ ಬಳಿಯಲ್ಲಿಯೇ ಎಂಬುದು ಸ್ವಾರಸ್ಯ. (ಅಜ್ಜಿಯ ಸುಣ್ಣವನ್ನೇ ಹಾಕಬಾರದು, ಕಲಬೆರಕೆಯಿಲ್ಲದ ಶುದ್ಧ ಸುಣ್ಣವೇ ಆಗಬೇಕು.)

ಆ ಎಲೆಸಂಚಿಯ ಸುಣ್ಣ ಎಲ್ಲಿಂದ ಬರುತ್ತಿತ್ತು? ಕರಾವಳಿಯ ಅಳಿವೆಗಳಲ್ಲಿ ಹೆಕ್ಕಿದ ಮರುವಾಯಿಯ, ಬಳಚಿನ ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಚಿಮುಕಿಸಿ ಅರಳಿಸಿದ ಸುಣ್ಣ ಅದು. ಎಲೆಯಡಿಕೆಗೆ, ಗೋಡೆಗೆ, ಹುಳಿಮಣ್ಣಿನ ಗದ್ದೆಗೆ, ಕೊನೆಗೆ ಅಡಿಕೆಯ ಕೊಳೆರೋಗದ ಔಷಧಿಗೆ ಎಲ್ಲಕ್ಕೂ ಚಿಪ್ಪಿನ ಸುಣ್ಣ ಘಟ್ಟ ಹತ್ತುತ್ತಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗೆಗಿನ ತನ್ನ ಅಧ್ಯಯನವನ್ನು ಪ್ರಕಟಿಸಿದ ಮೇಲೆ ಬೋರ್ಡೋ ದ್ರಾವಣವು ಮಲೆನಾಡಿನ ತೋಟಗಳ ನಿತ್ಯವಿಧಿಯಾಯಿತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷಗಳಿಂದ ಈ ಲೆಕ್ಕ ಬದಲಾಗಿಲ್ಲ. ಅಡಿಕೆಯನ್ನು ಉಳಿಸಿದ್ದು ಇದೇ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಈಗ ತೊಟ್ಟಿಗೆ ಮರಳಬೇಕು. ಕಡಲಮೀನುಗಳ ಮೈಮೇಲೆ ಬಿಳಿಚುಕ್ಕೆಯ ರೋಗ ಬಂದಾಗ ಅಂಗಡಿಯವರು ಕೊಡುವ ಹಳೆಯ, ಪರಿಣಾಮಕಾರಿ ಔಷಧಿಯೂ ತಾಮ್ರವೇ. ಲೀಟರ್ ನೀರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರದಲ್ಲಿ ಪರಾವಲಂಬಿ ಸಾಯುತ್ತದೆ, ಮೀನು ಉಳಿಯುತ್ತದೆ. ಆದರೆ ಅದೇ ನೀರಿನಲ್ಲಿರುವ ಚಿಪ್ಪುಜೀವಿ, ಸಿಗಡಿ, ಹವಳ ಸಾಯುತ್ತವೆ. ಹಿಂದೊಮ್ಮೆ ತಾಮ್ರ ಹಾಕಿದ್ದ ತೊಟ್ಟಿಯ ಕಲ್ಲು-ಮರಳುಗಳು ಅದನ್ನು ಹಿಡಿದಿಟ್ಟುಕೊಂಡು ತಿಂಗಳುಗಳ ಮೇಲೆ ಬಿಡಬಲ್ಲವಾದ್ದರಿಂದ, ಚಿಪ್ಪುಜೀವಿ ಸಾಕುವವರು ಅಂಥ ಹಳೆಯ ಕಲ್ಲನ್ನು ಮುಟ್ಟುವುದೇ ಇಲ್ಲ. ಒಂದು ಲೀಟರ್ ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಎಷ್ಟು? ಮೈಲುತುತ್ತಿನ ಕಾಲುಭಾಗ ತಾಮ್ರ. ಅಂದರೆ ಲೀಟರಿಗೆ ಎರಡೂವರೆ ಗ್ರಾಂ. ಮೀನಿನ ಔಷಧಿಯ ಪ್ರಮಾಣಕ್ಕೆ ಇಳಿಸಿದರೆ ಅದು 12,500 ಲೀಟರ್ ನೀರಿಗೆ ಸಾಕಾಗುತ್ತದೆ. ಒಂದು ಡ್ರಮ್ಮು, ಅಂದರೆ 200 ಲೀಟರ್ ದ್ರಾವಣಕ್ಕೆ ಗುಣಿಸಿದರೆ 25 ಲಕ್ಷ ಲೀಟರ್.

ಈ ಲೆಕ್ಕವನ್ನು ನೋಡಿ ಯಾರೂ ಗಾಬರಿಪಡಬೇಕಿಲ್ಲ. ಅರ್ಧ ಲೆಕ್ಕವನ್ನು ಹೇಳಿ ಹೆದರಿಸುವುದು ಈ ಪುಟಗಳ ಪದ್ಧತಿಯೂ ಅಲ್ಲ. ಬೋರ್ಡೋದಲ್ಲಿ ಸುಣ್ಣ ಸೇರುವುದೇ ತಾಮ್ರವನ್ನು ಕರಗದಂತೆ ಕಟ್ಟಿಹಾಕುವುದಕ್ಕಾಗಿ. ಗೊನೆಯ ಮೇಲೆ ಒಣಗಿದ ಪದರ ಸುಲಭವಾಗಿ ತೊಳೆದುಹೋಗುವುದಿಲ್ಲ. ನೆಲಕ್ಕೆ ಬಿದ್ದ ತಾಮ್ರವನ್ನು ಜೇಡಿಯೂ ಕೊಳೆತ ಸೊಪ್ಪಿನ ಕಪ್ಪು ಮಣ್ಣೂ ಭದ್ರವಾಗಿ ಹಿಡಿದುಕೊಳ್ಳುತ್ತವೆ. ಹೊಳೆಯಲ್ಲಿ ಕರಗಿ ಹರಿಯುವ ಪಾಲು ಅತ್ಯಲ್ಪ. ಆದರೆ ಹಿಡಿದುಕೊಂಡ ಮಣ್ಣೇ ಹರಿದುಹೋದರೆ? ಸೊಪ್ಪು ಹೊದೆಸದೆ ಬೋಳುಬಿಟ್ಟ ತೋಟ, ಬೆಟ್ಟದ ಇಳಿಜಾರನ್ನು ಯಂತ್ರದಿಂದ ಕಡಿದು ಮಾಡಿದ ಹೊಸ ತೋಟ, ಬಸಿಗಾಲುವೆಯನ್ನು ನೇರವಾಗಿ ಹಳ್ಳಕ್ಕೆ ಬಿಟ್ಟ ತೋಟ - ಇವುಗಳಿಂದ ಮಣ್ಣು ಹೋಗುತ್ತದೆ, ಮಣ್ಣಿನ ಕಣಕ್ಕೆ ಅಂಟಿಕೊಂಡು ತಾಮ್ರವೂ ಹೋಗುತ್ತದೆ. ಕಣವನ್ನೇ ಸೋಸಿ ತಿನ್ನುವ ಜೀವಿಗೆ ಕರಗಿದ ತಾಮ್ರ, ಅಂಟಿದ ತಾಮ್ರ ಎಂಬ ವ್ಯತ್ಯಾಸ ಸಂಪೂರ್ಣ ರಕ್ಷಣೆಯಲ್ಲ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದು, ಡ್ರಮ್ಮು ಮತ್ತು ಪಂಪನ್ನು ಹೊಳೆಯಲ್ಲಿ ತೊಳೆಯುವುದು ಯಾವ ಸಮರ್ಥನೆಗೂ ನಿಲ್ಲದ ಅಭ್ಯಾಸಗಳು. ಬೆಳಿಗ್ಗೆ ಡ್ರಮ್ಮು ತೊಳೆದ ಹಳ್ಳದಲ್ಲಿ ಸಂಜೆ ಏಡಿಯನ್ನು ಹುಡುಕಿ ನೋಡಿದ ವಿದ್ಯಾರ್ಥಿಗಳು ಇದನ್ನು ಪುಸ್ತಕದಿಂದ ಕಲಿಯಬೇಕಿಲ್ಲ.

ಗುರುಪುರ ಹೊಳೆಯ ಮರುವಾಯಿಗೆ ಮೇಲಿನಿಂದ ಬರುವ ಕಷ್ಟ ಇದೊಂದೇ ಎಂದು ಭಾವಿಸುವುದೂ ತಪ್ಪು. ಮರವೂರಿನ ಕಿಂಡಿ ಅಣೆಕಟ್ಟು ಬೇಸಗೆಯಲ್ಲಿ ಸಿಹಿನೀರನ್ನು ತಡೆಯುತ್ತದೆ, ಮಳೆಗಾಲಕ್ಕೆ ಬಿಡುತ್ತದೆ. ಕೆಳಗಿನ ಉಪ್ಪಿನ ಹದ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಉಪ್ಪು ತಟಕ್ಕನೆ ಇಳಿದಾಗ ಮರುವಾಯಿ ಚಿಪ್ಪು ಮುಚ್ಚಿಕೊಂಡು ಕೆಲವು ದಿನ ಕಾಯಬಲ್ಲದು, ವಾರಗಟ್ಟಲೆ ಕಾಯಲಾರದು. ಮರಳು ತೆಗೆಯುವವರು ಹಾಸಿಗೆಯನ್ನೇ ಎತ್ತಿಕೊಂಡು ಹೋಗುತ್ತಾರೆ. ಹೊಳೆಯ ಕೆಳದಂಡೆಯಲ್ಲಿ ಕೈಗಾರಿಕೆಗಳಿವೆ, ನಗರದ ಕೊಳಚೆಯಿದೆ. ತಾಮ್ರವನ್ನು ಮಾತ್ರ ಎತ್ತಿ ಹೇಳಿದ್ದೇಕೆಂದರೆ ಅದೊಂದು ಘಟ್ಟದವರ ಕೈಯಲ್ಲಿಯೇ ಇರುವ ಸಂಗತಿ. ಪೇಟೆಯವರನ್ನು ಬೈಯುವುದು ಸುಲಭ. ತನ್ನ ಡ್ರಮ್ಮನ್ನು ತೋಟದ ಒಳಗೇ ತೊಳೆಯುವುದು ಸ್ವಲ್ಪ ಕಷ್ಟ.

ಅಳಿವೆಯ ಒಂದು ಮರುವಾಯಿ ಹಾಸಿಗೆ ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಅಘನಾಶಿನಿಯ ಉದಾಹರಣೆ ಇದೆ. ಯಾವ ದೊಡ್ಡ ಅಣೆಕಟ್ಟಿಗೂ ಸಿಕ್ಕದೆ ಹರಿಯುವ ಆ ನದಿಯ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳನ್ನು ಹೆಕ್ಕಲಾಗುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದ್ದರು. ಹೆಕ್ಕುವವರಲ್ಲಿ ಹೆಂಗಸರೇ ಹೆಚ್ಚು. ಬಂಡವಾಳವೆಂದರೆ ಒಂದು ಬುಟ್ಟಿ ಮತ್ತು ಇಳಿತದ ವೇಳೆಯ ಅರಿವು. 2024ರ ಜನವರಿಯಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಗುರುಪುರ ಹೊಳೆಗೆ ಅಂಥ ಪಟ್ಟಿಯೂ ಇಲ್ಲ, ಅಂಥ ಲೆಕ್ಕದ ಗೌರವವೂ ದೊರೆತಿಲ್ಲ.

ಕೊಳ್ಳುವವರಿಗೆ ಕಾನೂನಿನ ಮಾತನ್ನು ಸ್ಪಷ್ಟವಾಗಿ ತಿಳಿಸಬೇಕಾಗಿದೆ. ಲಕ್ಷದ್ವೀಪ, ಅಂಡಮಾನ್ ಮೊದಲಾದ ಭಾರತದ ಹವಳದ ನೀರುಗಳಲ್ಲಿ ಬದುಕುವ ಟ್ರಿಡಾಕ್ನಾ ಮ್ಯಾಕ್ಸಿಮಾ, ಟ್ರಿಡಾಕ್ನಾ ಸ್ಕ್ವಾಮೋಸಾ ಮತ್ತು ಹಿಪ್ಪೋಪಸ್ ಹಿಪ್ಪೋಪಸ್ ಎಂಬ ಮೂರು ದೈತ್ಯ ಮರುವಾಯಿಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಕಲ್ಲುಹವಳಗಳೂ ಅಲ್ಲಿಯೇ ಇವೆ. ಹುಲಿಗೆ, ಆನೆಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಉಲ್ಲಂಘಿಸಿದವರಿಗೆ 3ರಿಂದ 7 ವರ್ಷಗಳ ಸೆರೆ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಸೈಟಿಸ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ 1985ರಿಂದ ಇಡೀ ಟ್ರಿಡಾಕ್ನಾ ಕುಟುಂಬ ಸೇರಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಆ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಿಕೊಳ್ಳುವುದು ಕಡ್ಡಾಯ. ಆದ್ದರಿಂದ ಅಂಗಡಿಯವನು ಆಮದಿನ ಕಾಗದವನ್ನೂ ಜೀವಿಯ ಶಾಸ್ತ್ರೀಯ ಹೆಸರನ್ನೂ ಬರೆದುಕೊಡಲಾರದಿದ್ದರೆ ಕೊಳ್ಳದಿರುವುದೇ ಸರಿ. ಮ್ಯಾಕ್ಸಿಮಾವನ್ನು ಬೇರೆ ಹೆಸರಿನಲ್ಲಿ ಮಾರಿದರೆ ಕೊಂಡವನಿಗೆ ಗುರುತಿಸುವುದು ಸುಲಭವಲ್ಲ. ಶಿಕ್ಷೆಗೆ ಮಾತ್ರ ಹೆಸರಿನ ಹಂಗಿಲ್ಲ.

ಇಷ್ಟು ಬಿಗಿ ಏಕೆ ಎಂಬುದಕ್ಕೂ ಕಾರಣವಿದೆ. 2021ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್ ದೇಶದ ಪಲಾವಾನಿನಲ್ಲಿ ಒಂದೇ ದಾಳಿಯಲ್ಲಿ ವಶಪಡಿಸಿಕೊಂಡ ದೈತ್ಯ ಚಿಪ್ಪುಗಳ ತೂಕ 200 ಟನ್. ಕೆತ್ತನೆಯ ವಸ್ತುಗಳಿಗಾಗಿ ಆನೆದಂತದ ಬದಲು ಈ ಚಿಪ್ಪನ್ನು ಬಳಸುವ ವ್ಯಾಪಾರ ಬೆಳೆದಿತ್ತು. ಇತ್ತ ಲಕ್ಷದ್ವೀಪದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀಪಕ್ ಆಪ್ಟೆ ಮತ್ತು ಸಂಗಡಿಗರು ಹದಿನಾಲ್ಕು ವರ್ಷಗಳ ಕಾಲ ಈ ಜೀವಿಗಳನ್ನು ಎಣಿಸಿ, ಕಡಲು ಬಿಸಿಯಾದ ವರ್ಷಗಳಲ್ಲಿ ಅವು ಹೇಗೆ ಕುಸಿಯುತ್ತವೆ ಎಂಬುದನ್ನು ದಾಖಲಿಸಿದ್ದಾರೆ. ನೀರು ಬಿಸಿಯಾದಾಗ ಹವಳದಂತೆ ಇದೂ ತನ್ನ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾಗುತ್ತದೆ. 1998, 2010, 2016 ಮತ್ತು 2024 ಲಕ್ಷದ್ವೀಪದ ಹವಳ ಬಿಳಿಚಿದ ವರ್ಷಗಳು. ಲಕ್ಷದ್ವೀಪವೂ ದೂರದ್ದೇನಲ್ಲ: ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆಯ ಬಂದರಿನಿಂದ ಮಂಜಿಗಳು ಅಕ್ಕಿ, ಜಲ್ಲಿ, ಮರಮಟ್ಟು ಹೊತ್ತು ಅಲ್ಲಿಗೆ ಹೋಗುತ್ತವೆ.

ಎಲ್ಲ ದೈತ್ಯ ಮರುವಾಯಿಗಳೂ ಕದ್ದ ಮಾಲೇ ಎನ್ನುವಂತಿಲ್ಲ. ಪೆಸಿಫಿಕ್ ಸಾಗರದ ಪಲಾವು ದ್ವೀಪದಲ್ಲಿ 1980ರ ದಶಕದಲ್ಲಿಯೇ ಇವುಗಳ ಮರಿಗಳನ್ನು ಲಕ್ಷಗಟ್ಟಲೆ ಬೆಳೆಸುವ ವಿಧಾನವನ್ನು ಕಂಡುಕೊಂಡರು. ಇಂದು ಹೊರದೇಶಗಳ ತೊಟ್ಟಿಗಳಲ್ಲಿರುವ ಬಹಳಷ್ಟು ಮರಿಗಳು ಅಂಥ ಸಾಕಣೆ ಕೇಂದ್ರಗಳವು. ಅಂಥದ್ದು ಕಾಗದಪತ್ರಗಳೊಡನೆ ಬಂದರೆ, ಒಡೆಯನಿಗೆ ತಾಳ್ಮೆಯೂ ಹಣವೂ ಇದ್ದರೆ, ಅದು ದಶಕಗಳ ಕಾಲ ಬದುಕಬಲ್ಲದು. ತಾಳ್ಮೆ ಮತ್ತು ಹಣ ಎರಡರಲ್ಲಿ ಯಾವುದು ಕೊರತೆಯಾದರೂ ಸಾಯುವುದು ಚಿಪ್ಪುಜೀವಿ. ಕಾವೂರಿನ ತೊಟ್ಟಿಯ ಒಡೆಯನಿಗೆ ಈ ಪುಟದ ಸಲಹೆ, ಅದನ್ನು ತರದಿರುವುದೇ ಮೇಲು ಎಂದು.

ವಿದ್ಯಾರ್ಥಿಗಳಿಗೆ ಬೇರೊಂದು ದಾರಿಯಿದೆ. ಒಂದೇ ಗಾತ್ರದ ಎರಡು ಗಾಜಿನ ಭರಣಿಗಳಲ್ಲಿ ಕೂಳೂರಿನ ಬಳಿಯ ಅಳಿವೆಯ ಮಬ್ಬು ನೀರನ್ನು ತುಂಬಬೇಕು. ಎರಡಕ್ಕೂ ನಾಲ್ಕಂಗುಲ ಅದೇ ಹೊಳೆಯ ಮರಳು, ಸಣ್ಣ ಗಾಳಿಪಂಪು. ಒಂದರಲ್ಲಿ ಮಾತ್ರ ಐದಾರು ಜೀವಂತ ಮರುವಾಯಿ. ಕೆಲವು ಗಂಟೆಗಳಲ್ಲಿ ಮರುವಾಯಿ ಇರುವ ಭರಣಿಯ ಹಿಂದೆ ಹಿಡಿದ ಅಕ್ಷರಗಳನ್ನು ಓದಬಹುದು, ಇನ್ನೊಂದರಲ್ಲಿ ಆಗುವುದಿಲ್ಲ. ಮರುದಿನ ಅವನ್ನು ಎತ್ತಿದ ಜಾಗಕ್ಕೇ ಮರಳಿಸಬೇಕು. ಭರಣಿ ಅವುಗಳ ಮನೆಯಲ್ಲ. ಯಾವ ತೊಟ್ಟಿಯ ನೀಲಿ ದೀಪವೂ ತೋರಿಸದ ಕೆಲಸವನ್ನು ಇಷ್ಟು ಸಾಮಾನು ತೋರಿಸುತ್ತದೆ. ಅಡುಗೆಗೆ ಮುನ್ನ ಮರುವಾಯಿಯನ್ನು ರಾತ್ರಿಯಿಡೀ ನೀರಿನಲ್ಲಿಟ್ಟು ಮರಳು ಉಗುಳಿಸುವ ಮನೆಗಳಲ್ಲಿ ಇದು ಹೊಸ ವಿಷಯವೇನಲ್ಲ.

ತೊಟ್ಟಿ ಇಟ್ಟುಕೊಂಡವನ ಬಳಿ ಒಂದು ವಸ್ತು ಇದೆ, ಅದು ಹೊಳೆಗೂ ಉಪಯೋಗಕ್ಕೆ ಬರುತ್ತದೆ. ಉಪ್ಪಿನ ಅಂಶವನ್ನು ಒಂದೇ ಹನಿಯಿಂದ ಹೇಳುವ ರಿಫ್ರಾಕ್ಟೋಮೀಟರು. ಇನ್ನೂರು ಲೀಟರಿನ ಉಪ್ಪು, ಕ್ಷಾರ, ಅಮೋನಿಯಾಗಳನ್ನು ವಾರವಾರ ಅಳೆದು ದಿನಚರಿಯಲ್ಲಿ ಬರೆದಿಡುವ ಶ್ರದ್ಧೆ ಆ ಮನೆಯಲ್ಲಿದೆ. ಕೆಲವೇ ಕಿಲೋಮೀಟರ್ ದೂರದ ಹೊಳೆಗೆ ಅಂಥ ದಿನಚರಿ ಬರೆಯುವ ಮನೆ ಇಲ್ಲ. ಕೂಳೂರು ಸೇತುವೆಯ ಬಳಿ ಉಬ್ಬರದಲ್ಲೊಮ್ಮೆ, ಇಳಿತದಲ್ಲೊಮ್ಮೆ ಒಂದು ಹನಿ. ಮರವೂರಿನ ಬಾಗಿಲು ತೆರೆದ ದಿನ ಒಂದು ಹನಿ. ಅದೇ ಹೊಳೆಯ ಮೇಲುಭಾಗದ, ವೇಣೂರಿನ ಆಚೆಯ ಶಾಲೆಯ ಮಕ್ಕಳು ತಮ್ಮ ಊರಿನ ಮಳೆಯ ಪ್ರಮಾಣವನ್ನೂ ತೋಟಗಳಿಗೆ ಔಷಧಿ ಬಿಟ್ಟ ತಾರೀಖುಗಳನ್ನೂ ಬರೆದಿಡಬಹುದು. ಎರಡು ದಿನಚರಿಗಳನ್ನು ವರ್ಷದ ಕೊನೆಯಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸಕ್ಕೆ ಮಂಗಳೂರಿನಲ್ಲಿ 1969ರಿಂದ ಇರುವ ಮೀನುಗಾರಿಕಾ ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿಕೊಳ್ಳಬಹುದು.

ದಿನಚರಿಯ ಮೊದಲ ಪುಟಕ್ಕೆ ಉಪಕರಣವೇನೂ ಬೇಡ. ಅಮಾವಾಸ್ಯೆ-ಹುಣ್ಣಿಮೆಗಳ ದೊಡ್ಡ ಇಳಿತದ ಹೊತ್ತಿಗೆ ಬೆಂಗರೆ-ತಣ್ಣೀರುಬಾವಿಯ ದಿಬ್ಬಗಳಲ್ಲಿ ಬುಟ್ಟಿ ಹಿಡಿದು ಇಳಿಯುವ ಹೆಂಗಸರಿಗೆ ಯಾವ ದಿಬ್ಬದಲ್ಲಿ ಮೊದಲು ಮರುವಾಯಿ ಇತ್ತು, ಯಾವ ವರ್ಷದಿಂದ ಇಲ್ಲ, ಈಗ ಸಿಗುವುದರ ಗಾತ್ರವೆಷ್ಟು ಎಂಬುದು ಗೊತ್ತಿರುತ್ತದೆ. ಕೇಳಿ ಬರೆದುಕೊಳ್ಳಲು ಇಳಿತದ ಎರಡು ಗಂಟೆ ಸಮಯವಿರುತ್ತದೆ. ನೀರು ಏರತೊಡಗಿದರೆ ಅವರು ನಿಲ್ಲುವುದಿಲ್ಲ.